ಹಾಡು ಮರಳಿ ಬಂತು, ಹೆಸರುಗಳೆಲ್ಲಿ?

ಹಳೆಯ ಕನ್ನಡ ಚಿತ್ರಗೀತೆಗಳನ್ನು ಹೊಸ ಹೊದಿಕೆ ಹಾಕಿ ಮತ್ತೆ ಮಾರುವವರ ಬಗ್ಗೆ ನನ್ನದೊಂದು ತಕರಾರಿದೆ. ಹಾಡು ಕೊಡುತ್ತಾರೆ, ಹಾಡು ಮಾಡಿದವರ ಹೆಸರು ಕೊಡುವುದಿಲ್ಲ. ಇದೇನು ದೊಡ್ಡ ವಿಷಯ, ಹಾಡು ಕೇಳಿದರೆ ಸಾಲದೇ ಮಾರಾಯರೇ ಎಂದು ನೀವು ಕೇಳಬಹುದು. ಸಾಲದು ಅಂತ ನನಗೆ ಈಚೆಗೆ ಬಲವಾಗಿ ಅನ್ನಿಸತೊಡಗಿದೆ. ಯಾಕೆ ಅಂತ ಹೇಳುತ್ತೇನೆ.

ಟಿಟ್ವಾಳಾ ಅಂದರೆ ಮುಂಬಯಿಯವರಿಗೆ ಮಹಾಗಣಪತಿ, ಅಂಗಾರಕಿ ದಿನದ ನೂಕುನುಗ್ಗಲು. ಇಲ್ಲೇ ಮನೆ ಮಾಡಿಕೊಂಡಿರುವ ನನ್ನಂಥವರಿಗೆ ಟಿಟ್ವಾಳಾ ಅಂದರೆ ಲೋಕಲ್. ಬ್ಯಾಂಕಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆಗೂ ಮೇಲೆ ಬೇಕು. ಕಲ್ಯಾಣ ಬಂದರೆ ಡಬ್ಬಿಯೊಳಗೆ ಕೈ ಆಡಿಸಲೂ ಜಾಗವಿರುವುದಿಲ್ಲ, ಪೇಪರ್ ಓದುವ ಮಾತು ದೂರವೇ ಉಳಿಯಿತು. ಉಳಿಯುವುದು ಕಿವಿ ಮಾತ್ರ. ಒಂದು ವರ್ಷದಿಂದ ಆ ಕಿವಿಗೆ ರಾಜನ್-ನಾಗೇಂದ್ರ ಅವರನ್ನು ಚಿತ್ರದ ಲೆಕ್ಕದಲ್ಲಿ ಒಂದೊಂದಾಗಿ ಕೇಳಿಸುತ್ತಿದ್ದೇನೆ. ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಬಯಲು ದಾರಿ’ (1976), ‘ಪರಸಂಗದ ಗೆಂಡೆತಿಮ್ಮ’ (1978), ‘ನಾ ನಿನ್ನ ಬಿಡಲಾರೆ’ (1979)... ಅರಸೀಕೆರೆಯಲ್ಲಿ ಹುಡುಗನಾಗಿದ್ದಾಗ ಇವನ್ನೆಲ್ಲ ಪಕ್ಕದ ಮನೆಯ ರೇಡಿಯೋದಲ್ಲಿ, ಗೋಡೆಯ ಆಚೆಯಿಂದ ಕೇಳಿದವನು ನಾನು. ಆಗ ಕೇಳಿದ್ದು ದನಿ ಮತ್ತು ಮಾತು ಮಾತ್ರ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ.ಬಿ. ಅಷ್ಟೇ. ಈಗ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದರೆ ದನಿಯ ಹಿಂದೆ ಇನ್ನೊಂದು ಲೋಕವೇ ಇದೆ. ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ವಯಲಿನ್‌ಗಳ ಗುಂಪು ಮೇಲೇರುತ್ತದೆ, ಕೊಳಲು ಅದಕ್ಕೆ ಉತ್ತರ ಕೊಡುತ್ತದೆ, ಗಿಟಾರ್ ಕೆಳಗಿನಿಂದ ಹಿಡಿದುಕೊಂಡಿರುತ್ತದೆ. ಅರ್ಧ ನಿಮಿಷದ ಆ ತುಣುಕಿನಲ್ಲೇ ಒಂದು ಪೂರ್ತಿ ಹಾಡಿನಷ್ಟು ಕೆಲಸ.

ಅಣ್ಣ ರಾಜನ್ ವಯಲಿನ್ ಕಲಿತವರು, ತಮ್ಮ ನಾಗೇಂದ್ರ ಜಲತರಂಗ ನುಡಿಸುತ್ತಿದ್ದವರು. ಮೈಸೂರಿನ ಶಿವರಾಂಪೇಟೆಯವರು. ತಂದೆ ರಾಜಪ್ಪ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದರು. ಮೂಕಿ ಚಿತ್ರ ತೋರಿಸುವಾಗ ಪರದೆಯ ಬಳಿ ಕೂತು ಸಂಗೀತ ಕೊಟ್ಟವರಂತೆ. 1950ರ ದಶಕದ ಆರಂಭದಲ್ಲಿ ಬಿ. ವಿಠಲಾಚಾರ್ಯರ ‘ಸೌಭಾಗ್ಯ ಲಕ್ಷ್ಮಿ’ಯಿಂದ ಶುರುವಾದ ಜೋಡಿ ಕನ್ನಡದಲ್ಲೇ ಇನ್ನೂರರ ಆಸುಪಾಸು ಚಿತ್ರಗಳಿಗೆ ಸಂಗೀತ ಕೊಟ್ಟಿತು. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರ ಅಕ್ಟೋಬರ್‌ನಲ್ಲಿ.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಅವನು ಕೇಳುವುದು ಇಂಗ್ಲಿಷ್ ಹಾಡು. ‘ಬರೋಕ್ ಪಾಪ್’ ಅಂತ ಒಂದು ಜಾತಿಯಂತೆ. 1960ರ ದಶಕದಲ್ಲಿ ಗಿಟಾರ್, ಡ್ರಮ್ಸ್ ಜೊತೆಗೆ ವಯಲಿನ್, ಚೆಲ್ಲೋ, ಹಾರ್ಪ್ಸಿಕಾರ್ಡ್ ಸೇರಿಸಿ, ಯೂರೋಪಿನ ಹಳೆಯ ಶಾಸ್ತ್ರೀಯ ಸಂಗೀತದ ಠೀವಿಯನ್ನು ಮೂರು ನಿಮಿಷದ ಪ್ರೇಮಗೀತೆಗೆ ತಂದದ್ದು. ಅದರಲ್ಲಿ ‘ದಿ ಜೋಂಬೀಸ್’ ಎಂಬ ಇಂಗ್ಲೆಂಡಿನ ತಂಡದ ಕಥೆ ಕೇಳಿ. 1967ರಲ್ಲಿ ‘ಒಡೆಸ್ಸಿ ಅಂಡ್ ಓರಾಕಲ್’ ಎಂಬ ಆಲ್ಬಂ ಧ್ವನಿಮುದ್ರಿಸಿದರು. ವಯಲಿನ್ ಬಳಗದ ಜಾಗದಲ್ಲಿ ಮೆಲೋಟ್ರಾನ್ ಎಂಬ ಕೀಬೋರ್ಡ್ ಬಳಸಿದರು. 1968ರಲ್ಲಿ ಅದು ಹೊರಬರುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು, ಇಂಗ್ಲೆಂಡಿನಲ್ಲಿ ಕೇಳುವವರಿರಲಿಲ್ಲ. ಆಮೇಲೆ ಮತ್ತೆ ಮತ್ತೆ ಮರುಬಿಡುಗಡೆಯಾಗಿ, ಕೇಳುಗರು ಹುಟ್ಟಿಕೊಂಡು, 2008ರಲ್ಲಿ ಉಳಿದ ಸದಸ್ಯರು ಲಂಡನ್ನಿನ ವೇದಿಕೆಯಲ್ಲಿ ಇಡೀ ಆಲ್ಬಂ ನುಡಿಸಿದರು. 2019ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿದರು. ಹಾಡುಗಳು ಮೊದಲಿದ್ದ ಕ್ರಮದಲ್ಲೇ, ಯಾರು ಏನು ನುಡಿಸಿದರು ಎಂಬ ವಿವರದ ಸಮೇತ ಸಿಗುತ್ತವೆ. ನನ್ನ ಮಗನಿಗೆ ಅವರ ಬೇಸ್ ಗಿಟಾರ್‌ನವನ ಹೆಸರೂ ಗೊತ್ತು.

ಒಂದು ಭಾನುವಾರ ಅವನಿಗೆ ‘ಎರಡು ಕನಸು’ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. “ಪಪ್ಪಾ, ಇದೂ ಅದೇ ಥರಾ ಇದೆಯಲ್ಲ! ವಯಲಿನ್ ಯಾರದ್ದು?” ಅಂದ. ಏನು ಹೇಳಲಿ? ಎಲ್ಲೂ ಬರೆದಿಲ್ಲ.

ನಮ್ಮಲ್ಲಿ ಮರುಬಿಡುಗಡೆ ಅಂದರೆ ಸಾಮಾನ್ಯವಾಗಿ ಒಂದು ಮೂಟೆ. ಈ ನಾಯಕನ ಹಿಟ್ಸ್, ಆ ಗಾಯಕನ ಹಿಟ್ಸ್, ಮಳೆಗಾಲದ ಹಾಡು, ವಿರಹದ ಹಾಡು. ನಾನು ದುಡ್ಡು ಕೊಟ್ಟು ತಂದ ಒಂದು ಸಂಗ್ರಹದಲ್ಲಿ ನಟರ ಫೋಟೋ ಇತ್ತು, ಗಾಯಕರ ಹೆಸರಿತ್ತು; ಸಂಗೀತ ಯಾರದ್ದು, ಸಾಹಿತ್ಯ ಯಾರದ್ದು ಎಂದು ಒಂದಕ್ಷರವಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಲೇಬಲ್ ಮೇಲಾದರೂ ‘ಸಂಗೀತ: ರಾಜನ್-ನಾಗೇಂದ್ರ’, ‘ಸಾಹಿತ್ಯ: ಚಿ. ಉದಯಶಂಕರ್’ ಎಂದು ಅಚ್ಚಾಗಿರುತ್ತಿತ್ತು. ಫೋನಿನ ಆ್ಯಪ್‌ಗಳಲ್ಲಿ ಕೆಲವು ಕಡೆ ಸಂಗೀತ ನಿರ್ದೇಶಕರ ಹೆಸರು ಕಾಣುತ್ತದೆ, ಸುಳ್ಳು ಹೇಳಬಾರದು. ಆದರೆ ನುಡಿಸಿದವರು ಆಗಲೂ ಇಲ್ಲ, ಈಗಲೂ ಇಲ್ಲ.

ಆ ನುಡಿಸಿದವರೇನು ಸಾಮಾನ್ಯರೇ? ಆ ಕಾಲದ ಕನ್ನಡ ಹಾಡುಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಗಾಯಕರು, ವಾದ್ಯಗಾರರು ಒಟ್ಟಿಗೇ ಕೂರಬೇಕು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಹಾಗೆ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕನಾಗಿ, ಗಿಟಾರ್ ಹಿಡಿದು ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದ ಒಬ್ಬ ಹುಡುಗ 1976ರಲ್ಲಿ ‘ಅನ್ನಕಿಳಿ’ ಚಿತ್ರದಿಂದ ಇಳಯರಾಜ ಎಂದು ಪ್ರಸಿದ್ಧನಾದ. ಅವರು ದೊಡ್ಡವರಾದರು, ಹಾಗಾಗಿ ನಮಗೆ ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು?

ನಾವಿರುವ ಊರನ್ನೇ ನೋಡಿ. ಹಿಂದಿ ಚಿತ್ರಸಂಗೀತವನ್ನು ನುಡಿಸಿದ ಗೋವೆಯ ವಾದ್ಯಗಾರರಿಗೂ ದಶಕಗಟ್ಟಲೆ ಇದೇ ಗತಿಯಾಗಿತ್ತು. ‘ಅಮರ್ ಅಕ್ಬರ್ ಆಂಥೋನಿ’ (1977) ಹಾಡಿನಲ್ಲಿ ಬರುವ ಆಂಥೋನಿ ಗೊನ್ಸಾಲ್ವಿಸ್ ಎಂಬ ಹೆಸರು ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರ ವಯಲಿನ್ ಗುರುವಿನದು. ಶಿಷ್ಯ ಹಾಗೆ ಋಣ ತೀರಿಸಿದರು. 2008ರಲ್ಲಿ ಗ್ರೆಗರಿ ಬೂತ್ ಎಂಬ ವಿದ್ವಾಂಸರು ಮುಂಬಯಿಯ ಈ ವಾದ್ಯಗಾರರನ್ನು ಹುಡುಕಿ ಮಾತಾಡಿಸಿ ಒಂದು ಪುಸ್ತಕವನ್ನೇ ಬರೆದರು. ಕನ್ನಡಕ್ಕೆ ದುಡಿದವರ ಬಗ್ಗೆಯೂ ಅಂಥದ್ದೊಂದು ಆಗಬೇಡವೇ?

ನಾನು ಬ್ಯಾಂಕಿನವನು, ನನ್ನ ಭಾಷೆಯಲ್ಲೇ ಹೇಳುತ್ತೇನೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ನಾವು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಬೇಕು. ಹಾಗೆಂದು ಖಾತೆದಾರನ ಹೆಸರು ಅಳಿಸುವುದಿಲ್ಲ. 2023ರಲ್ಲಿ ‘ಉದ್ಗಮ್’ ಎಂಬ ಪೋರ್ಟಲ್ಲೇ ಬಂತು, ವಾರಸುದಾರರು ಹೆಸರು ಹಾಕಿ ಹುಡುಕಲಿ ಅಂತ. ಐನೂರು ರೂಪಾಯಿಗೂ ಒಂದು ಹೆಸರಿದೆ. ಐವತ್ತು ವರ್ಷದಿಂದ ನಾವು ಬಡ್ಡಿ ತಿನ್ನುತ್ತಿರುವ ಹಾಡಿಗೆ ಇಲ್ಲ!

ಕಾನೂನೂ ಇದೆ ಸ್ವಾಮಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ ಕೃತಿಕಾರನಿಗಿದೆ. 2012ರ ತಿದ್ದುಪಡಿ ಹಾಡುವವರಿಗೆ, ನುಡಿಸುವವರಿಗೂ ಅಂಥದೇ ಹಕ್ಕು ಕೊಟ್ಟಿತು. ಇನ್ನೊಂದು ಲೆಕ್ಕ ನೋಡಿ. ಧ್ವನಿಮುದ್ರಣದ ಹಕ್ಕು 60 ವರ್ಷ. 1974ರ ತಟ್ಟೆಯದ್ದು 2034ರ ಕೊನೆಗೆ ಮುಗಿಯುತ್ತದೆ. ಆಮೇಲೆ ಆ ಧ್ವನಿಮುದ್ರಣಕ್ಕೆ ಕಾವಲುಗಾರರಿಲ್ಲ. ಅಷ್ಟರೊಳಗೆ ಹೆಸರುಗಳನ್ನು ಸೇರಿಸದಿದ್ದರೆ ಆಮೇಲೆ ಸೇರಿಸುವವರು ಯಾರು? ಆಗ ಮೂವತ್ತು ವರ್ಷದವರಾಗಿದ್ದ ವಾದ್ಯಗಾರರಿಗೆ ಈಗ ಎಂಬತ್ತು ದಾಟಿದೆ.

ಊರಿನಲ್ಲಿ ಇರುವವರಿಗೆ ಕನ್ನಡ ನಾಲ್ಕು ದಿಕ್ಕಿನಿಂದ ಬರುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದು, ಅವರ ಪಾಲಿಗೆ ಕನ್ನಡವೆಂದರೆ ಅಪ್ಪ ಗುನುಗುವ ಹಾಡು. ಆ ಹಾಡಿಗೆ ಊರು, ಮನೆತನ, ಮಾಡಿದ ಕೈ ಇಲ್ಲದಿದ್ದರೆ ಅದು ಅಪ್ಪನ ಹಳೇ ಚಟವಾಗಿ ನಮ್ಮ ಜೊತೆಗೇ ಮುಗಿಯುತ್ತದೆ. ಮಗ ‘ಯಾರದ್ದು?’ ಎಂದು ಕೇಳಿದ ಅಂದರೆ ಅವನಿಗೆ ಅದು ಬೇಕು ಅಂತ ಅರ್ಥ. ಬೇಕು ಅಂದವರಿಗೆ ಕೊಡಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ.

ಕಂಪನಿಗಳು ಇಡೀ ಆಲ್ಬಂ ಅನ್ನು, ಮೊದಲಿದ್ದ ಲೇಬಲ್ಲಿನ ವಿವರ ಸಮೇತ ಹೊರತರಲಿ ಎಂದು ಕೇಳೋಣ. ಅದು ಆಗುವವರೆಗೆ ನಾವು ಮಾಡಬಹುದಾದ ಕೆಲಸ ಎರಡಿದೆ. ಅಟ್ಟದ ಮೇಲೆ ಹಳೆಯ ತಟ್ಟೆಯೋ ಕ್ಯಾಸೆಟ್ಟೋ ಇದ್ದರೆ ಲೇಬಲ್ಲಿನ ಎರಡೂ ಬದಿಯ ಫೋಟೋ ತೆಗೆದಿಡಿ. ಮತ್ತೆ ಡೊಂಬಿವಲಿಯಿಂದ ಮಾಟುಂಗಾದವರೆಗೆ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಟ್ಟೇ ಇಡುತ್ತಾರೆ. ನಿರೂಪಣೆ ಮಾಡುವವರು ಪ್ರತಿ ಹಾಡಿಗೂ ಮೊದಲು ಸಂಗೀತ ಯಾರದ್ದು, ಸಾಹಿತ್ಯ ಯಾರದ್ದು ಎಂದು ಹೇಳಲಿ, ಹಿಂದೆ ಕೂತು ನುಡಿಸುವವರ ಹೆಸರನ್ನೂ ಕೂಗಿ ಹೇಳಲಿ. ಖರ್ಚು ಒಂದು ಪೈಸೆಯಿಲ್ಲ, ಹಾಡಿಗೆ ಅರ್ಧ ನಿಮಿಷ. ಈ ನವೆಂಬರಿನಿಂದಲೇ ಶುರು ಮಾಡಬಹುದು, ಏನಂತೀರಿ?