ವೇಷ ಕಳಚಿದಾಗ

ನನ್ನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಈಚೆಗೆ ತೀರಿಕೊಂಡಿತು. ಅದಕ್ಕೆ ಮೊದಲು ಎರಡು ದಿನ ಅದು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಹಲ್ಲಿಯ ಶಕುನವನ್ನು ನಂಬದ ನಾನು ಈ ಶಕುನವನ್ನೂ ನಂಬಲಿಲ್ಲ. ಮೂರನೆಯ ದಿನ ಪರದೆ ಕಪ್ಪಾಯಿತು.

ಅಂಗಡಿಯವರು ಹಳೆಯದನ್ನು ಬಿಚ್ಚಿ, ತಿರುಗುವ ತಟ್ಟೆಗಳಿಲ್ಲದ ಹೊಸ ಮಾದರಿಯ ಎಸ್‌ಎಸ್‌ಡಿ ಕೂಡಿಸಿಕೊಟ್ಟರು. ಯಂತ್ರಕ್ಕೆ ಜೀವ ಬಂತು, ಬುದ್ಧಿ ಬರಲಿಲ್ಲ. ಆಪರೇಟಿಂಗ್ ಸಿಸ್ಟಂ ಇಲ್ಲದ ಲ್ಯಾಪ್‌ಟಾಪು ಮೇಷ್ಟರಿಲ್ಲದ ತರಗತಿಯಂತೆ: ಬೆಂಚುಗಳಿವೆ, ಹಲಗೆಯಿದೆ, ಪಾಠವಿಲ್ಲ. "ವಿಂಡೋಸ್ ಹಾಕಿಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡು" ಎಂದರು ಅಂಗಡಿಯವರು. ಜೊತೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿ ಕಿವಿಯಲ್ಲಿ ಹೇಳಿದ: "ಬೇಡಿ ಸಾರ್. ವಿಂಡೋಸನ್ನು ನೀವು 2019ರಲ್ಲಿ ಯಂತ್ರದ ಜೊತೆಗೇ ಕೊಂಡಿದ್ದೀರಿ. ಅದರ ಪರವಾನಗಿ ಇರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನಲ್ಲಿ."

ಅವನು ಹೇಳಿದ್ದು ನಿಜವಾಗಿತ್ತು. ಅವನ ಯಂತ್ರದಲ್ಲಿ ಎಂಟು ಜಿಬಿಯ ಪೆನ್‌ಡ್ರೈವೊಂದಕ್ಕೆ ತಯಾರಕರ ತಾಣದಿಂದಲೇ ಹೊಸ ಪ್ರತಿಯನ್ನು ಇಳಿಸಿಕೊಂಡೆವು. ವಿಂಡೋಸ್ 10ಕ್ಕೆ ಉಚಿತ ರಕ್ಷಣೆ 2025ರ ಅಕ್ಟೋಬರ್ 14ಕ್ಕೇ ಮುಗಿದುದರಿಂದ 11ನ್ನೇ ಹಾಕಿದೆವು. ಕೀಲಿಸಂಖ್ಯೆ ಕೇಳಿದಲ್ಲಿ 'ನನ್ನಲ್ಲಿಲ್ಲ' ಎಂದು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿದ್ದಾಯಿತು. ಅಂತರ್ಜಾಲ ಸಿಕ್ಕೊಡನೆ ಯಂತ್ರ ತನ್ನ ಹಳೆಯ ಪರವಾನಗಿಯನ್ನು ತಾನೇ ಗುರುತು ಹಿಡಿಯಿತು. ಒಂದು ಸಂಜೆಯ ಕೆಲಸ. ಕಾಫಿ ಕುಡಿಯುತ್ತ, ಇಷ್ಟು ಸುಲಭದ ಕೆಲಸಕ್ಕೆ ಜನ ಏಕೆ ಹೆದರುತ್ತಾರೋ ಎಂದು ನಾನು ಜಂಬ ಕೊಚ್ಚಿಕೊಂಡೆ.

ಜಂಬ ಇಳಿದದ್ದು ಆಮೇಲೆ. ಮಲೆನಾಡಿನ ನಮ್ಮ ಕಡೆಯ ಅಡಕೆ ತೋಟ, ಗದ್ದೆ, ಅಡಿಗೆಮನೆಗಳ ಮಾತುಗಳನ್ನು ನಾನು 2004ರಿಂದ ಕೂಡಿಸುತ್ತ ಬಂದಿದ್ದೇನೆ. ಸೋಗೆ, ಹಾಳೆ, ಕೊಟ್ಟೆ, ಚೊಗರು, ಕೊನೆಗಾರ, ಹೀಗೆ ಎರಡು ಸಾವಿರಕ್ಕೂ ಮಿಕ್ಕಿದ ಮಾತುಗಳು. ಹೇಳಿಕೊಟ್ಟ ಮುದುಕಿಯರಲ್ಲಿ ಈಗ ಬದುಕಿರುವವರು ಇಬ್ಬರೇ. ಪುಣ್ಯಕ್ಕೆ ಇದರ ಪ್ರತಿಯೊಂದು ಬೇರೆ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಚುಚ್ಚಿ ಕಡತ ತೆರೆದರೆ ಕನ್ನಡವೇ ಇಲ್ಲ! ಪುಟಪುಟಗಳ ತುಂಬ ತಲೆಯ ಮೇಲೆ ಕೊಕ್ಕೆ ಹೊತ್ತ ರೋಮನ್ ಅಕ್ಷರಗಳು, ಪರದೇಶದ ಚಿಹ್ನೆಗಳು. 'ಕನ್ನಡ' ಎಂಬ ಪದವಿರಬೇಕಾದ ಕಡೆ ಒಂದು 'ಪಿ', ಕೊಕ್ಕೆಯ 'ಎ', ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಕೊಕ್ಕೆಯ 'ಎ', ಜರ್ಮನರ ಜೋಡಿ 'ಎಸ್', ಒಂದು 'ಕ್ಯೂ', ಕಡೆಗೆ ಇನ್ನೊಂದು ಕೊಕ್ಕೆಯ 'ಎ'. ಒಟ್ಟು ಏಳು ಗುರುತುಗಳು. ನಾನು ಇಪ್ಪತ್ತು ವರ್ಷ ಬರೆದದ್ದು ಇದನ್ನೇ.

ಕೆಟ್ಟದ್ದು ಡಿಸ್ಕಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕಡತ ಅಕ್ಷತವಾಗಿತ್ತು, ಒಂದು ಗುರುತೂ ಅಳಿದಿರಲಿಲ್ಲ. ಹಳೆಯ ವ್ಯವಸ್ಥೆಯೊಡನೆ ಅಳಿದದ್ದು ಒಂದು ಅಕ್ಷರಶೈಲಿ ಮಾತ್ರ. ಆ ಕಾಲದ ತಂತ್ರಾಂಶಗಳಲ್ಲಿ ನಾವು ಟೈಪು ಮಾಡಿದ ಕನ್ನಡ ಕನ್ನಡವಾಗಿರಲಿಲ್ಲ. ರೋಮನ್ ಅಕ್ಷರಗಳು ಕನ್ನಡದ ವೇಷ ಕಟ್ಟಿ ಕುಣಿಯುತ್ತಿದ್ದವು. ವೇಷದ ಪೆಟ್ಟಿಗೆ ಕಳೆದುಹೋದ ದಿನ, ಚೌಕಿಯಲ್ಲಿ ಕುಳಿತಿದ್ದವರು ಯಾರೆಂಬುದು ತಿಳಿಯಿತು.

ಆ ತಂತ್ರಾಂಶಗಳನ್ನು ಮಾಡಿದವರನ್ನು ದೂರುವ ಕೃತಘ್ನತೆ ನನ್ನದಲ್ಲ. ಪೇಟೆಯಲ್ಲಿ ಸಿಗುವ ಕಂಪ್ಯೂಟರಿಗೆ ಕನ್ನಡ ಬಾರದಿದ್ದ ಕಾಲದಲ್ಲಿ 'ಬರಹ', 'ನುಡಿ'ಗಳು ಬಾರದಿದ್ದರೆ ನಮ್ಮಂಥವರು ಕನ್ನಡದಲ್ಲಿ ಒಂದು ಸಾಲನ್ನೂ ಟೈಪು ಮಾಡುತ್ತಿರಲಿಲ್ಲ. ಅವು ಹೊಳೆ ದಾಟಿಸಿದ ದೋಣಿಗಳು. ಹೊಳೆ ದಾಟಿದ ಮೇಲೂ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆಯುವುದು ನಮ್ಮ ತಪ್ಪು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಅದರಲ್ಲಿ 'ಕ'ದ ಸಂಖ್ಯೆ 3221. ಆ ಸಂಖ್ಯೆ ಜಗತ್ತಿನ ಯಾವ ಯಂತ್ರದಲ್ಲೂ 'ಕ'ವೇ ಹೊರತು ಬೇರೆಯಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿ ಒಳಗೇ ಬಂತು. ಇಂದಿನ ವಿಂಡೋಸಿನಲ್ಲಿ 'ನಿರ್ಮಲಾ' ಇದೆ. ಹೊರಗಿನಿಂದ ಏನನ್ನೂ ತಂದು ತುಂಬದೆಯೇ ಕನ್ನಡ ಕಾಣಿಸುತ್ತದೆ. 'ನುಡಿ'ಯೂ 'ಬರಹ'ವೂ ಯೂನಿಕೋಡಿಗೆ ಬಂದು ವರ್ಷಗಳಾದವು. ಬಾರದೆ ಉಳಿದವರು ನಾವು, ಕನ್ನಡದ ಮೇಷ್ಟರು!

ಇದಕ್ಕೆ ಮಿತ್ರರು ಕೊಡುವ ಸಮಾಧಾನಗಳನ್ನೆಲ್ಲ ನಾನೇ ಒಂದು ಕಾಲಕ್ಕೆ ಕೊಟ್ಟಿದ್ದೇನೆ. ಮೊದಲನೆಯದು, "ಅಕ್ಷರಶೈಲಿಯನ್ನು ಮತ್ತೆ ಹಾಕಿಕೊಂಡರಾಯಿತಲ್ಲ." ಆಯಿತು, ನನ್ನ ಕಣ್ಣಿಗೆ ಕಂಡಿತು. ಆದರೆ ಯಂತ್ರದ ಪಾಲಿಗೆ ಅದು ಇನ್ನೂ 'ಪಿ', 'ಎ', ಪೌಂಡೇ. ಅಕಾರಾದಿ ಜೋಡಿಸೆಂದರೆ ಅದು ಕನ್ನಡದ ಕ್ರಮದಲ್ಲಿ ಜೋಡಿಸಲಾರದು. ಅಂತರ್ಜಾಲದಲ್ಲಿ 'ಚೊಗರು' ಎಂದು ಹುಡುಕುವವನಿಗೆ ನನ್ನ ಚೊಗರು ಎಂದೆಂದೂ ಸಿಕ್ಕದು.

ಎರಡನೆಯದು, "ಅಚ್ಚುಕೂಟಕ್ಕೆ ಹಳೆಯದೇ ಬೇಕು." ಪುಟ ಕಟ್ಟುವವರು ಇಂದಿಗೂ ನೆಚ್ಚಿಕೊಂಡಿರುವ ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಕೆಡದ ಹಾಗೆ ಜೋಡಿಸುವ ತಂತ್ರಾಂಶಗಳು ಈಗ ಬೇಕಾದಷ್ಟಿವೆ, ಉಚಿತವಾದವೂ ಸೇರಿ. ಒಂದು ಭಾಷೆಯ ಬರಹವೆಲ್ಲ ಒಂದು ಹಳೆಯ ತಂತ್ರಾಂಶದ ಋಣದಲ್ಲಿರಬೇಕೇ?

ಮೂರನೆಯದು, "ಬೆರಳಿಗೆ ರೂಢಿಯಾಗಿದೆ." ಬೆರಳನ್ನು ಯಾರೂ ಬದಲಾಯಿಸೆಂದಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆಯ ವಿನ್ಯಾಸದಲ್ಲೇ ಯೂನಿಕೋಡ್ ಟೈಪು ಮಾಡಬಹುದು. ಆಯ್ಕೆಯ ಒಂದು ಗುಂಡಿ ಒತ್ತಬೇಕು, ಅಷ್ಟೆ. ಆದರೂ ನಮ್ಮ ವಿಚಾರ ಸಂಕಿರಣಗಳ ಸುತ್ತೋಲೆಗಳು ಪ್ರಬಂಧ ಇಂಥದೇ ಹಳೆಯ ಅಕ್ಷರಶೈಲಿಯಲ್ಲಿ, ಇಂತಿಷ್ಟೇ ಅಳತೆಯಲ್ಲಿರಬೇಕೆಂದು ವಿಧಿಸುತ್ತವೆ. ಸಂಕಿರಣದ ವಿಷಯ ಮಾತ್ರ ಕನ್ನಡದ ಭವಿಷ್ಯ!

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಿದರೆ ನಾನು ಪ್ರಾಮಾಣಿಕನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿದ್ದ. ಅವನ ಕಂಪ್ಯೂಟರು ಕಡತವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಕನ್ನಡವನ್ನೂ ಓದುತ್ತಿತ್ತು. ಛಂದಸ್ಸಿನ ಮೇಲೆ ನಾನು ಬರೆದಿದ್ದ ಟಿಪ್ಪಣಿಯನ್ನು ಅವನಿಗೆ ಕಳಿಸಿದ್ದೆ. ಮರುದಿನ ಬಂದು, "ಸಾರ್, ನಿಮ್ಮದು 'ಪಿ ಎ ಪೌಂಡ್ ಎ' ಅಂತ ಓದುತ್ತಿದೆ" ಎಂದ. ಕೋಪವಿರಲಿಲ್ಲ, ನಗುತ್ತಲೇ ಹೇಳಿದ. "ಯಾರಾದರೂ ಸ್ನೇಹಿತರ ಕೈಲಿ ಓದಿಸಿಕೋ ಅಪ್ಪಾ" ಎಂದೆ, ದೊಡ್ಡ ಉಪಕಾರ ಮಾಡಿದವನ ಹಾಗೆ. ಅವನ ಯಂತ್ರದಲ್ಲಿ ದೋಷವಿದೆಯೆಂದೇ ನಾನು ತಿಳಿದಿದ್ದೆ. ಹೊಸ ವ್ಯವಸ್ಥೆ ಹಾಕಿದ ಆ ರಾತ್ರಿ ನನ್ನ ಪರದೆಯ ಮೇಲೆ ಅದೇ 'ಪಿ ಎ ಪೌಂಡ್ ಎ' ಕಂಡಾಗ ನನಗೆ ಮೊದಲು ನೆನಪಾದದ್ದು ಆ ಹುಡುಗನ ನಗು. ನನಗೆ ಒಂದು ರಾತ್ರಿ ಆದದ್ದು ಅವನಿಗೆ ಮೂರು ವರ್ಷ ಆಗುತ್ತಿತ್ತು.

ನೂರಾರು ವರ್ಷಗಳ ಹಿಂದೆ ತಾಳೆಗರಿಯ ಮೇಲೆ ಪ್ರತಿ ಮಾಡಿದ ಲಿಪಿಕಾರ ಕಾಗುಣಿತ ತಪ್ಪಿರಬಹುದು, ಸಾಲು ಬಿಟ್ಟಿರಬಹುದು. ಆದರೆ ಅವನು ಬರೆದ 'ಕ' 'ಕ'ವೇ ಆಗಿತ್ತು. ಹಾಗಿದ್ದುದರಿಂದಲೇ ಕೆ. ಬಿ. ಪಾಠಕರು 1898ರಲ್ಲಿ 'ಕವಿರಾಜಮಾರ್ಗ'ವನ್ನು ಅಚ್ಚಿಗೆ ತರಲು ಸಾಧ್ಯವಾಯಿತು. ಒಂಬತ್ತನೆಯ ಶತಮಾನದ ಗ್ರಂಥವನ್ನು ಓದಿ ಪಾಠ ಹೇಳುವ ನಾವು, 2004ರ ನಮ್ಮದೇ ಕಡತವನ್ನು ಹೊಸ ಯಂತ್ರದಲ್ಲಿ ಓದಲಾರೆವು.

ಈಗ ಸಂಜೆಗಳಲ್ಲಿ ಪ್ರಾಯಶ್ಚಿತ್ತ ನಡೆದಿದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಬಹುಪಾಲು ಸರಿಯಾಗಿಯೇ ಮಾಡುತ್ತವೆ. ಆದರೂ ಅಲ್ಲಲ್ಲಿ ಅರ್ಕಾವತ್ತು ದಾರಿ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿದೆ. ರೋಮನ್ ಲಿಪಿಯಲ್ಲಿ ಬರೆದಿದ್ದ ಗಿಡಮರಗಳ ಲ್ಯಾಟಿನ್ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ಭ್ರಮಿಸಿ ಅರ್ಥವಿಲ್ಲದ ಉಲಿಗಳನ್ನಾಗಿಸಿದೆ. ಒಂದೊಂದನ್ನೂ ಕಣ್ಣಿಟ್ಟು ತಿದ್ದಬೇಕು. ಎಲ್ಲಾದರೂ ಸಂದೇಹ ಬಂದರೆ ಕೇಳಲು ಉಳಿದಿರುವವರು ಆ ಇಬ್ಬರೇ ಮುದುಕಿಯರು.

ಕನ್ನಡದಲ್ಲಿ ಬರೆದಿಟ್ಟುಕೊಂಡಿರುವ ಎಲ್ಲರಲ್ಲಿ ನನ್ನದೊಂದು ವಿನಂತಿ. ನಿಮ್ಮ ಡಿಸ್ಕು ಲೊಚಗುಟ್ಟುವ ತನಕ ಕಾಯಬೇಡಿ. ನಿಮ್ಮ ಅತ್ಯಂತ ಹಳೆಯ ಕಡತವೊಂದನ್ನು ಇವತ್ತೇ ಬೇರೊಬ್ಬರ ಯಂತ್ರದಲ್ಲಿ ತೆರೆದು ನೋಡಿ. ಕನ್ನಡ ಕಂಡರೆ ಸಂತೋಷ. ಪೌಂಡಿನ ಗುರುತು ಕಂಡರೆ, ತಿದ್ದುವ ಕೆಲಸವನ್ನು ಅಂದೇ ಹಿಡಿಯಿರಿ. ಬರೆದವರು ಬದುಕಿರುವಾಗಲೇ ಅದು ಸುಲಭ.