ಬೂಷ್ಟಿಗೆ ಬಣ್ಣ ಬಳಿದರೆ ಸಾಲದು

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಅದು ಬೆಳೆದ ಬಾಡಿಗೆ ಮನೆಯ ಗೋಡೆಗಳಿಗೆ ಕಪ್ಪು ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ನಡುವೆ ಬಹುಕಾಲ ಉಸಿರಾಡಿದ್ದರಿಂದ ಬಂದ ಶ್ವಾಸರೋಗವೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು.

ಮಗುವಿನ ತಂದೆ 2017ರಲ್ಲಿಯೇ ದೂರಿದ್ದ. ಬಣ್ಣ ಬಳಿದುಕೊಳ್ಳಿ ಎಂಬುದು ಅವನಿಗೆ ಸಿಕ್ಕ ಉತ್ತರ. ಸುಡಾನಿನಿಂದ ಬಂದವರ ಸ್ನಾನದ ರೀತಿಯಿಂದಲೇ ತೇವ ಬಂತೆಂದು ಮನೆಯ ಒಡೆತನವಿದ್ದ ಸಂಸ್ಥೆ ಊಹಿಸಿಕೊಂಡಿತ್ತು. ಆ ಊಹೆ ತಪ್ಪೆಂದು ಅದು ಒಪ್ಪಿದ್ದು ಮಗು ಹೋದ ಮೇಲೆ!

ಊರು ದೂರದ್ದಾದರೂ ಈ ಮಾತು ನಮಗೆ ಅಪರಿಚಿತವಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೋಟದ ಲೈನುಮನೆಗಳನ್ನೂ ಪೇಟೆಯ ವಠಾರಗಳನ್ನೂ ಹೊಕ್ಕು ನೋಡಿದವರು ಬಲ್ಲರು. ಮಾಡು ಸೋರುತ್ತದೆ, ಗೋಡೆ ನೀರು ಹೀರುತ್ತದೆ, ಹಾಸಿಗೆಗೆ ಬೂಷ್ಟು ಏರುತ್ತದೆ. ಮಗು ರಾತ್ರಿಯೆಲ್ಲ ಕೆಮ್ಮಿದರೆ ಹವೆಯ ಗುಣವೆನ್ನುತ್ತಾರೆ. ಇಲ್ಲವೇ ತಾಯಿಗೆ ಮನೆ ಚೊಕ್ಕಟವಾಗಿಡಲು ಬಾರದು ಎನ್ನುತ್ತಾರೆ.

ತೇವದ ಮನೆಗೂ ಕೆಮ್ಮು, ಉಬ್ಬಸಗಳಿಗೂ ನಂಟಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಹೇಳಿದೆ. ಮಕ್ಕಳ ಉಸಿರುನಾಳ ಕಿರಿದು. ದೇಹದ ತೂಕಕ್ಕೆ ಹೋಲಿಸಿದರೆ ಅವರು ಒಳಗೆಳೆಯುವ ಗಾಳಿ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಪೆಟ್ಟು ಮೊದಲು ಅವರಿಗೇ.

ಬೂಷ್ಟು ತೆಗೆಯುವುದಕ್ಕೂ ಒಂದು ಕ್ರಮವಿದೆ. ಮಕ್ಕಳನ್ನೂ ಉಬ್ಬಸವಿರುವವರನ್ನೂ ಹೊರಗೆ ಕಳಿಸಿ ಕಿಟಕಿ ತೆರೆಯಬೇಕು. ಮೂಗುಬಾಯಿಗೆ ಒಳ್ಳೆಯ ಮಾಸ್ಕು, ಕೈಗೆ ರಬ್ಬರು ಗವಸು ಇರಲಿ. ಒಣ ಪೊರಕೆಯಿಂದ ಕೆರೆದರೆ ಅದರ ಕಣಗಳು ಮನೆಯೆಲ್ಲ ಹಾರುತ್ತವೆ. ಮೊದಲು ಒದ್ದೆ ಮಾಡಿ, ಸೋಪಿನ ನೀರಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಬೇಕು. ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡನ್ನು ಎಂದಿಗೂ ಬೆರೆಸಬಾರದು, ಏಳುವುದು ವಿಷದ ಗಾಳಿ. ಒಳಗೆಲ್ಲ ಬೂಷ್ಟು ಹಿಡಿದ ಹತ್ತಿಯ ಹಾಸಿಗೆಯನ್ನು ಎಸೆಯುವುದೇ ಲೇಸು. ಬೂಷ್ಟಿನ ಮೇಲೆ ಬಣ್ಣ ಹಚ್ಚಿದರೆ ಅದು ಹೋಗುವುದಿಲ್ಲ, ಬಣ್ಣವೇ ಸುಲಿದು ಬರುತ್ತದೆ.

ಆದರೆ ಇಷ್ಟೆಲ್ಲ ಮಾಡಿದರೂ ಸೋರುವುದು ನಿಲ್ಲದಿದ್ದರೆ ಬೂಷ್ಟು ಮರಳಿ ಬರುತ್ತದೆ. ಹೆಂಚು ಹೊದಿಸುವುದು, ಗೋಡೆ ದುರಸ್ತಿ ಮಾಡಿಸುವುದು ಬಾಡಿಗೆಯವನ ಕೈಯಲ್ಲಿಲ್ಲ. ದಿನಗೂಲಿಯವನಿಗೆ ಶುಚಿತ್ವದ ಉಪದೇಶ ಮಾಡಿ ಮನೆಯೊಡೆಯ ಬಾಡಿಗೆ ಎಣಿಸಿಕೊಳ್ಳುವುದು ಯಾವ ನ್ಯಾಯ?

ಆ ಮಗುವಿನ ತಂದೆತಾಯಿ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ 2023ರಲ್ಲಿ ಮಗುವಿನ ಹೆಸರಿನಲ್ಲಿಯೇ ಕಾನೂನು ಬಂತು. 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಯ ಒಡೆಯರು ಅಪಾಯಕರ ತೇವ, ಬೂಷ್ಟಿನ ದೂರು ಬಂದ 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು. ಪರಿಶೀಲನೆ ಮುಗಿದ 5 ಕೆಲಸದ ದಿನಗಳೊಳಗೆ ಅಪಾಯ ನೀಗಿಸಬೇಕು. ತುರ್ತಿದ್ದರೆ 24 ಗಂಟೆಯೊಳಗೆ.

ನಮ್ಮಲ್ಲಿ ತೋಟದ ಕಾರ್ಮಿಕರಿಗೆ ಮನೆ ಒದಗಿಸುವ ಹೊಣೆಯನ್ನು 1951ರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಹೊಣೆ ಕಾಗದದ ಮೇಲಿದ್ದರೆ ಮಾಡು ಸೋರುವುದು ನಿಲ್ಲುವುದಿಲ್ಲ. ದೂರಿಗೆ ರಸೀತಿ ಬೇಕು, ದುರಸ್ತಿಗೆ ಗಡುವು ಬೇಕು, ಗಡುವು ಮೀರಿದರೆ ದಂಡ ಬೇಕು. ಮುಂದಿನ ಮಳೆಗಾಲಕ್ಕೆ ಮೊದಲೇ ಪಂಚಾಯಿತಿ, ನಗರಸಭೆ, ಕಾರ್ಮಿಕ ಇಲಾಖೆಗಳು ಇಂಥ ಮನೆಗಳನ್ನು ಹೊಕ್ಕು ನೋಡಲಿ. ಒಂದು ಮಗು ಸತ್ತ ಮೇಲೆ ಕಣ್ಣು ತೆರೆಯುವ ಪಾಠವನ್ನು ನಾವು ಮತ್ತೆ ಕಲಿಯಬೇಕಾಗಿಲ್ಲ.