ಮೊಸರಿನ ದೋಷವೂ ಸೊಸೆಯ ಕೈಗುಣವೂ

ಮೊಸರು ಕೆಟ್ಟರೆ ಅಪರಾಧಿ ಯಾರೆಂಬ ವಿಚಾರಣೆಯು ನಮ್ಮ ಗೃಹಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಲಿನವನು ನೀರು ಬೆರೆಸಿದನೆಂದು ಯಜಮಾನನೂ, ಸೊಸೆಯ ಕೈಗುಣ ಚೆನ್ನಾಗಿಲ್ಲವೆಂದು ಅತ್ತೆಯೂ ಹೇಳುವರು. ಕಳೆದ ಮಾಗಿಯಲ್ಲಿ ನಮ್ಮ ಮನೆಯಲ್ಲಿಯೂ ಈ ನ್ಯಾಯಸ್ಥಾನವು ಹದಿನೈದು ದಿನ ನಡೆಯಿತು. ಮೊಸರನ್ನು ಸೌಟಿನಿಂದ ಎತ್ತಿದರೆ ಎಳೆ ಎಳೆಯಾಗಿ, ಲೋಳೆಯಂತೆ ಇಳಿಯುತ್ತಿದ್ದಿತು. ನಾವು ಹಾಲಿನವನನ್ನು ಬಿಡಿಸಿ ಬೇರೊಬ್ಬನನ್ನು ಗೊತ್ತುಮಾಡಿದೆವು. ಮೊಸರು ಹಾಗೆಯೇ ಇದ್ದಿತು. ಆಗ ಉಳಿದವಳು ಸೊಸೆಯೊಬ್ಬಳೇ.

ಆಕೆ ಎದುರು ಮಾತನಾಡಲಿಲ್ಲ. ಒಂದೇ ಪಾತ್ರೆಯಲ್ಲಿ ಕಾಸಿದ ಹಾಲನ್ನು ಎರಡು ಬಟ್ಟಲುಗಳಿಗೆ ಹಂಚಿ, ಒಂದಕ್ಕೆ ನಮ್ಮ ಮನೆಯ ಹೆಪ್ಪನ್ನೂ ಇನ್ನೊಂದಕ್ಕೆ ನೆರೆಮನೆಯ ಹೆಪ್ಪನ್ನೂ ಹಾಕಿದಳು. (ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿಯಿಲ್ಲವಾದುದರಿಂದ ಹಗಲೇ ಹೋಗಿ ತಂದಿದ್ದಳು.) ಬೆಳಗ್ಗೆ ನೋಡಲಾಗಿ ನೆರೆಮನೆಯ ಹೆಪ್ಪಿನಿಂದ ಗಟ್ಟಿಯಾದ ಸಿಹಿ ಮೊಸರು, ನಮ್ಮದರಿಂದ ಅದೇ ಲೋಳೆ. ಹಾಲು ಒಂದೇ, ಕೈಯೂ ಒಂದೇ. ಅನ್ವಯವ್ಯತಿರೇಕಗಳನ್ನು ವರ್ಷಗಟ್ಟಲೆ ಪಾಠ ಹೇಳಿದವರು ನಾವು, ಪ್ರಯೋಗಿಸಿದವಳು ಆಕೆ. ಅತ್ತೆಯವರು ಏನೂ ಹೇಳದೆ ಆ ದಿನ ನೆರೆಮನೆಯ ಹೆಪ್ಪಿನ ಮೊಸರನ್ನೇ ಬಡಿಸಿಕೊಂಡರು.

ಹೆಪ್ಪೆಂಬುದು ಸಜೀವ ವಸ್ತು. ಹಾಲನ್ನು ಹುಳಿಗೊಳಿಸುವುದು ಸೂಕ್ಷ್ಮಜೀವಿಗಳ ಕಾರ್ಯವೆಂದು ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1857ರಲ್ಲಿ ಪ್ರತಿಪಾದಿಸಿದನು. 1876ರಲ್ಲಿ ಬೀರ್ ಎಂಬ ಪಾನೀಯದ ದೋಷಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿ, ಬೇಡದ ಜೀವಿಗಳು ಸೇರುವುದರಿಂದಲೇ ಅದು ಕೆಡುವುದೆಂದು ತೋರಿಸಿದನು. ಮದ್ಯದ ಮಾತೇಕೆಂದು ವಾಚಕರು ಮುನಿಯಬಾರದು. ಎರಡು ಕಡೆಯೂ ದೋಷದ ಮೂಲವೊಂದೇ. ಮೊಸರಿಗೆ ಬೆಣ್ಣೆಯ ಕಂಪನ್ನು ಕೊಡುವ ಡೈಅಸಿಟೈಲ್ ಎಂಬ ದ್ರವ್ಯವೇ ಬೀರಿನಲ್ಲಿ ಹೆಚ್ಚಾದರೆ ಅದನ್ನು ತಯಾರಿಸುವವರು ದೋಷವೆನ್ನುವರು. ಲೋಳೆಯೆಂದು ನಾವು ಚೆಲ್ಲುವಂಥ ಮೊಸರನ್ನು ಫಿನ್ಲೆಂಡಿನವರು 'ವೀಲಿ' ಎಂದು ಕರೆದು ಪ್ರೀತಿಯಿಂದ ತಿನ್ನುವರು! ಆದರೆ ಅವರದು ಬೇಕೆಂದೇ ಬೆಳೆಸಿದ ಹೆಪ್ಪು. ನಮ್ಮಲ್ಲಿ ಕೊಳಕು ಪಾತ್ರೆಯಿಂದಲೂ ಲೋಳೆ ಬರಬಹುದಾದುದರಿಂದ ಅವರನ್ನು ಅನುಕರಿಸತಕ್ಕದ್ದಲ್ಲ.

ಚಳಿಯಲ್ಲಿ ನಿಧಾನವಾಗಿ ಹೆಪ್ಪಾಗುವಾಗ ಲೋಳೆಯನ್ನುಂಟುಮಾಡುವ ಜೀವಿಗಳು ಮೇಲುಗೈಯಾಗುವುವು. ಇಂದಿನ ಮೊಸರೇ ನಾಳೆಗೆ ಹೆಪ್ಪಾಗುವುದರಿಂದ ದೋಷವು ತಾನಾಗಿ ಹೋಗುವುದಿಲ್ಲ. ಹಳೆಯ ಹೆಪ್ಪನ್ನು ಪೂರ್ತಿಯಾಗಿ ಚೆಲ್ಲಿ, ಪಾತ್ರೆಯನ್ನೂ ಚಮಚವನ್ನೂ ಕುದಿಯುವ ನೀರಿನಲ್ಲಿ ತೊಳೆದು, ಒಳ್ಳೆಯ ಮೊಸರಾಗುವ ಮನೆಯಿಂದ ಹೊಸ ಹೆಪ್ಪು ತಂದು, ಬೆಚ್ಚಗಿನ ಸ್ಥಳದಲ್ಲಿಡಬೇಕು. ಮೆಣಸಿನಕಾಯಿಯ ತೊಟ್ಟಿನಿಂದ ಹೆಪ್ಪು ಮಾಡುವವರುಂಟು. ಅದರಲ್ಲಿ ಯಾವ ಜೀವಿ ಬರುವುದೆಂಬ ಭರವಸೆಯಿಲ್ಲವಾದುದರಿಂದ ನಮಗದು ಒಪ್ಪಿಗೆಯಲ್ಲ.

ಭಾವಪ್ರಕಾಶದಲ್ಲಿ ಮೊಸರನ್ನು ಮಂದ, ಸ್ವಾದು, ಸ್ವಾದ್ವಮ್ಲ, ಅಮ್ಲ, ಅತ್ಯಮ್ಲವೆಂದು ಐದು ಬಗೆಯಾಗಿ ವಿಂಗಡಿಸಿದೆ. ಮಂದವೆಂದರೆ ಅರ್ಧ ಹೆಪ್ಪಾದದ್ದು. ಸುಡುವ ಹಾಲಿಗೆ ಹಾಕಿದ ಹೆಪ್ಪು ಸಾಯುವುದು, ತಣ್ಣಗಿನ ಹಾಲಿನಲ್ಲಿ ನಿದ್ರಿಸುವುದು. ಉಗುರುಬೆಚ್ಚಗೆ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್, ಸರಿಯಾದ ಹದ. ಹಸುವಿಗೆ ಆ್ಯಂಟಿಬಯೋಟಿಕ್ ಔಷಧ ಕೊಟ್ಟಿದ್ದು ಅದರ ಅಂಶವು ಹಾಲಿನಲ್ಲಿ ಉಳಿದಿದ್ದರೂ ಹೆಪ್ಪಾಗದು. ಅತ್ಯಮ್ಲಕ್ಕೆ ಕಾರಣ ಹೆಪ್ಪಿನ ಆಧಿಕ್ಯ, ಇಲ್ಲವೆ ಮೊಸರಾದ ಮೇಲೂ ಸೆಕೆಯಲ್ಲಿ ಬಿಡುವುದು. ಇನ್ನು ಕಹಿ: ಹಾಲನ್ನು ರೆಫ್ರಿಜರೇಟರಿನಲ್ಲಿ ದಿನಗಟ್ಟಲೆ ಇಟ್ಟರೆ ತಂಪಿನಲ್ಲಿಯೂ ಬೆಳೆಯುವ ಜೀವಿಗಳು ಅದರಲ್ಲಿ ಬಿಡುವ ಕಿಣ್ವಗಳು ಕಾಸಿದರೂ ನಾಶವಾಗದೆ ಕಹಿಯನ್ನುಂಟುಮಾಡುವುವು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಕಿಲುಬಿದರೆ ರುಚಿ ನೋಡಲೂ ಹೋಗದೆ ಚೆಲ್ಲಬೇಕು.

ಹಳೆಯ ಹಾಲಿನವನನ್ನು ಮರಳಿ ಕರೆಯಲು ನಾವೇ ಹೋದೆವು. "ಸ್ವಾಮಿ, ನಿಮ್ಮ ಸರದಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟೆನಲ್ಲ" ಎಂದನು. ಬರಲು ಒಪ್ಪಿದನಾದರೂ ಈಗ ನಮ್ಮ ಮನೆಗೆ ಹಾಲು ಬರುವುದು ಎಲ್ಲರಿಗಿಂತ ಕಡೆಗೆ, ಎಂಟೂವರೆ ಗಂಟೆಗೆ. ಕಾಫಿಗೆ ಅಲ್ಲಿಯವರೆಗೂ ಕಾಯುತ್ತೇವೆ.